ಐದನೇ ಬಿರಡೆ

ತಿಪಟೂರು
14 ಅಕ್ಟೋಬರ್ 2024

ಈರಣ್ಣನಿಗೆ ಅಬ್ದುಲ್ ಖಾದರ್ ಮಾಡುವ ಸಲಾಂ.

ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಫೋನ್ ಇದ್ದೂ ಕಾಗದ ಯಾಕೆಂದರೆ ನನ್ನ ಕಿವಿ ಪೂರಾ ಹೋಗಿದೆ. ನಲವತ್ತೈದು ವರ್ಷ ಸುತ್ತಿಗೆ ಬಡಿದದ್ದಕ್ಕೆ ಸಿಕ್ಕಿದ ಬಹುಮಾನ. ಕಿವಿಗೆ ಮೆಷಿನ್ ಹಾಕಿಸಿದರು. ಅದರಲ್ಲಿ ಹೆಂಡತಿ ದಿಲ್ಶಾದಳ ಮಾತು ಕೇಳುವುದಿಲ್ಲ, ಬಸ್ಸಿನ ಹಾರನ್ ಮಾತ್ರ ಕೇಳುತ್ತದೆ. ತೆಗೆದಿಟ್ಟೆ. ಯಾರು ಏನು ಹೇಳಿದರೂ ಮಗಳು ಸುಮೇರಾ ಸ್ಲೇಟಿನ ಮೇಲೆ ಬರೆದು ತೋರಿಸುತ್ತಾಳೆ. ವಾಟ್ಸಾಪ್ ಮಾಡಿ ಅನ್ನುತ್ತಾಳೆ. ನನ್ನ ಬೆರಳು ಒತ್ತಿದರೆ ಒಂದು ಅಕ್ಷರದ ಬದಲು ಮೂರು ಬೀಳುತ್ತವೆ.

ಈಗ ವಿಷಯಕ್ಕೆ ಬರುತ್ತೇನೆ. ಕೆಂಪು ಕಾರು ಗ್ಯಾರೇಜಿಗೆ ವಾಪಸ್ ಬಂದಿದೆ. ಕೊಬ್ಬರಿ ಮಂಡಿ ರೇಣುಕಪ್ರಸಾದರ ಎಂ.ಜಿ., ಎರಡು ಸೀಟಿಂದು. 1987ರಲ್ಲಿ ನಾವಿಬ್ಬರೂ ಎಂಜಿನ್ ಬಿಚ್ಚಿ ಕಟ್ಟಿ ಮುಗಿಸಿದ್ದೆವು. ನನ್ನ ತಮ್ಮ ಓಡಿಸಿ ನೋಡಲು ಒಯ್ದವನು ಕಿಬ್ಬನಹಳ್ಳಿ ಹತ್ತಿರ ಎಂಜಿನ್ ಕಚ್ಚಿಕೊಳ್ಳುವ ಹಾಗೆ ಸೀಜ್ ಮಾಡಿ ನಿಲ್ಲಿಸಿದ. ನಿನಗೆ ನೆನಪಿಲ್ಲದೆ ಏನು. ಹೊಸದಾಗಿ ಕಟ್ಟಿದ ಎಂಜಿನ್, ಮೊದಲ ಐನೂರು ಮೈಲಿ ಸ್ಪೀಡು ಮೂವತ್ತು ದಾಟಬೇಡ ಎಂದು ಕಿವಿ ಹಿಂಡಿ ಹೇಳಿ ಕಳಿಸಿದ್ದೆ. ತಮ್ಮ ಅನ್ನುವುದನ್ನೂ ನೋಡದೆ ಮಾರನೆಯ ದಿನವೇ ಮನೆಯಿಂದ ಆಚೆಗೆ ಹಾಕಿದೆ. ಆ ಮಾತು ಈಗ ಬೇಡ.

ಅವತ್ತು ರೇಣುಕಪ್ರಸಾದರು ಸಿಟ್ಟಿನಲ್ಲಿ ಕಾರನ್ನು ಎಳೆಸಿಕೊಂಡು ಹೋಗಿ ಕೊಬ್ಬರಿ ಅಟ್ಟದ ಕೆಳಗೆ ನೂಕಿಸಿದರಲ್ಲ, ಅಲ್ಲೇ ಇತ್ತು. ಈಗ ಅಟ್ಟ ಕೀಳಿಸುತ್ತಿದ್ದಾರೆ. ಸ್ಲೇಟಿನ ಮೇಲೆ ತಾವೇ ಬರೆದರು: “ಸಾಬ್ರೇ, ನಂಗೂ ಎಪ್ಪತ್ತೆಂಟಾಯ್ತು. ಇದ್ರಲ್ಲಿ ಒಂದ್ಸಲ ಅರಳಗುಪ್ಪೆಗೆ ಹೋಗ್ ಬರ್ಬೇಕು ಕಣ್ರೀ. ನೀವೇ ಮಾಡ್ಬೇಕು, ಬೇರೆಯೋರ್ ಕೈಗೆ ಕೊಡಲ್ಲ.”

ಒಪ್ಪಿಕೊಂಡಿದ್ದೇನೆ. ನನ್ನ ಕೊನೆಯ ಎಂಜಿನ್ ಇದು. ಅವತ್ತು ಎಂಜಿನ್ ಬ್ಲಾಕಿನ ಕೆಲಸ ಪೂರಾ ನಿನ್ನದೇ. ಸಿಲಿಂಡರ್ ಎಷ್ಟು ಬೋರ್ ಮಾಡಿದ್ದೆವು, ಬೇರಿಂಗ್ ಯಾವ ಸೈಜು ಹಾಕಿದೆವು, ನೆನಪಿದ್ದಷ್ಟು ಬರೆ.

ನಿನ್ನ
ಖಾದರ್


ಶಿವಮೊಗ್ಗ
29 ಅಕ್ಟೋಬರ್ 2024

ಪ್ರೀತಿಯ ಎಡಚನಿಗೆ ನಮಸ್ಕಾರ.

ನಿನ್ನ ಕೋಳಿಕಾಲಿನ ಅಕ್ಷರ ನೋಡಿ ಮಗಳು ಧನ್ಯಶ್ರೀ, “ಅಪ್ಪಾ, ಇದ್ಯಾವ ಭಾಷೆ?” ಅಂದಳು. ಎಡಗೈಯಲ್ಲಿ ಬರೆಯುವವರ ಭಾಷೆ ಎಂದೆ. ಎಡಗೈಯಲ್ಲೇ ಸ್ಪ್ಯಾನರ್ ಹಿಡಿದು ಜಗತ್ತಿನ ನಟ್ಟುಗಳನ್ನೆಲ್ಲ ಉಲ್ಟಾ ಮಾಡಿದ್ದಾರೆ ಎಂದು ಬೈಯುತ್ತಿದ್ದೆಯಲ್ಲ, ಅದನ್ನೂ ಹೇಳಿದೆ. ತುಂಬ ನಕ್ಕಳು.

ಕಿವಿಯ ವಿಷಯ ಓದಿ ಸಂಕಟವಾಯಿತು. ಬೀದಿ ಕೊನೆಯಲ್ಲಿ ಬರುವ ಅಂಬಾಸಿಡರ್ ಸದ್ದು ಕೇಳಿ ಯಾವ ಸಿಲಿಂಡರ್ ಹೊಡೆಯುತ್ತಿಲ್ಲ ಎಂದು ಹೇಳುತ್ತಿದ್ದವನು ನೀನು. ನನ್ನದು ಮಂಡಿನೋವು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಬಸ್ಸಿನ ಕೆಳಗೆ ಮಲಗಿ ಎದ್ದದ್ದು ಈಗ ಗೊತ್ತಾಗುತ್ತಿದೆ.

ಕಾರಿನ ಬಗ್ಗೆ ನನ್ನ ಮಾತು ಕೇಳು. ಬೋರ್ ನಲವತ್ತು ತೌ, ಇಂಚಿನ ಸಾವಿರದಲ್ಲಿ ನಲವತ್ತು ಪಾಲು ಇರಬೇಕು. ಬೇರಿಂಗ್ ಸೈಜು ನೆನಪಿಲ್ಲ. ಆದರೆ ಆ ಎಂಜಿನ್ನಿನ ಗೋಜಿಗೇ ಹೋಗಬೇಡ. ಅಷ್ಟು ವರ್ಷ ಕಚ್ಚಿಕೊಂಡು ಕೂತ ಬ್ಲಾಕ್, ಬಿಚ್ಚಿದರೆ ಸೀಳುತ್ತದೆ. ಯಾವುದಾದರೂ ಹಳೆಯ ಡೀಸೆಲ್ ಎಂಜಿನ್ ಕೂರಿಸಿ ಅರಳಗುಪ್ಪೆಗೆ ಕಳಿಸು. ಯಜಮಾನರಿಗೆ ಬಾನೆಟ್ ಒಳಗೆ ಏನಿದೆ ಎಂದು ಏನು ಗೊತ್ತಾಗಬೇಕು. ಬಿಚ್ಚಲೇಬೇಕೆಂದರೆ ಮೇಲಿನ ಹೆಡ್ ಅಷ್ಟೇ ಬಿಚ್ಚು, ಕೆಳಗೆ ಕೈ ಹಾಕಬೇಡ.

ದಿಲ್ಶಾದ್ ಅಕ್ಕನಿಗೆ ಕೇಳಿದೆ ಎಂದು ಹೇಳು.

ನಿನ್ನ
ಈರಣ್ಣ


ತಿಪಟೂರು
20 ನವೆಂಬರ್ 2024

ಈರಣ್ಣ,

ಡೀಸೆಲ್ ಎಂಜಿನ್ ಕೂರಿಸು ಅಂತ ಬರೆದೆಯಲ್ಲ, ಆ ಕಾಗದ ದಿಲ್ಶಾದಳಿಗೂ ತೋರಿಸಲಿಲ್ಲ. ನಿನ್ನ ಮಾನ ಉಳಿಯಲಿ ಅಂತ. ಬೇರೆ ಯಾರಾದರೂ ಹೇಳಿದ್ದರೆ ಗ್ಯಾರೇಜ್ ಮೆಟ್ಟಿಲು ಹತ್ತಿಸುತ್ತಿರಲಿಲ್ಲ.

ನಾಲ್ಕು ಸಿಲಿಂಡರಿಗೂ ಡೀಸೆಲ್ ಮತ್ತು ಎಣ್ಣೆ ಸುರಿದು ಮೂರು ವಾರ ಹಾಗೇ ಬಿಟ್ಟೆ. ಬೇಗ ಕೈ ಹಾಕಿದರೆ ಕೆಡುತ್ತದೆ, ಅಟ್ಟದ ಮೇಲಿನ ಕಾಯಿ ಇದ್ದ ಹಾಗೆ. ಆ ಮೂರು ವಾರದಲ್ಲಿ ಒಂದು ದಿನ ರೇಣುಕಪ್ರಸಾದರು ಒಣಗಿದ ಕಾಯಿಯೊಂದನ್ನು ಕೈಗೆ ಕೊಟ್ಟು, ಅಲ್ಲಾಡಿಸಿ ನೋಡಿ ಎಂದು ಸನ್ನೆ ಮಾಡಿದರು. ಒಳಗೆ ಕೊಬ್ಬರಿ ಬಿಟ್ಟುಕೊಂಡರೆ ಸದ್ದಾಗಬೇಕಲ್ಲ. ನನಗೆಲ್ಲಿ ಕೇಳಬೇಕು. ಆದರೆ ಒಳಗಿನ ಗಿಟುಕು ಚಿಪ್ಪಿಗೆ ಬಡಿಯುವುದು ಅಂಗೈಗೆ ತಿಳಿಯಿತು. ಕೈಯೂ ಒಂದು ಕಿವಿ ಅನ್ನಿಸಿ ಖುಷಿಯಾಯಿತು.

ಹೋದ ಶುಕ್ರವಾರ ನಮಾಜು ಮುಗಿಸಿ ಬಂದು ಹ್ಯಾಂಡಲ್ ಹಾಕಿ ತಿರುಗಿಸಿದೆ. ಒಂದು ಕೂದಲೆಳೆ ಸರಿಯಿತು. ಅಲ್ಲಿಂದ ಎರಡು ದಿನದಲ್ಲಿ ಪೂರಾ ಬಿಚ್ಚಿದೆ. ಬ್ಲಾಕ್ ಸೀಳಿಲ್ಲ, ನಿನ್ನ ಶಾಪ ತಾಗಲಿಲ್ಲ.

ಈಗ ಒಂದು ಪ್ರಶ್ನೆ. ಹಿಂದಿನ ಎರಡು ಬೇರಿಂಗ್ ಸುಟ್ಟು ಕರಿಕಲಾಗಿವೆ. ಮುಂದಿನ ಎರಡು ಮೊನ್ನೆ ಹಾಕಿದ ಹಾಗಿವೆ. ಪಿಸ್ಟನ್ನಿನ ಮೇಲೆ ಒಂದು ಗೀರಿಲ್ಲ. ಸ್ಪೀಡಾಗಿ ಹೊಡೆದು ಸೀಜ್ ಮಾಡಿದ್ದರೆ ಪಿಸ್ಟನ್ ಮೊದಲು ಹೋಗಬೇಕು. ಹಿಂದಿನ ಎರಡಕ್ಕೆ ಮಾತ್ರ ಎಣ್ಣೆ ಯಾಕೆ ಹೋಗಲಿಲ್ಲ? ಕೆಳಗೆ ಕೈ ಹಾಕಬೇಡ ಎಂದು ನೀನು ಯಾಕೆ ಬರೆದೆ? ಯೋಚಿಸಿ ಬರೆ.

ಖಾದರ್


ತಿಪಟೂರು
18 ಡಿಸೆಂಬರ್ 2024

ಈರಣ್ಣ,

ನಾಲ್ಕು ವಾರವಾಯಿತು, ನಿನ್ನಿಂದ ಉತ್ತರವಿಲ್ಲ. ಬ್ಲಾಕಿನ ಎಣ್ಣೆ ಕಿಂಡಿಗಳನ್ನು ಇವತ್ತು ತಂತಿ ಹಾಕಿ ತೊಳೆದೆ. ಹಿಂದುಗಡೆಯ ಕಿಂಡಿಯಿಂದ ನಾರಿನ ಬಿರಡೆ ಬಂತು. ನಮ್ಮ ಗ್ಯಾರೇಜಿನದೇ.

ಖಾದರ್


ಶಿವಮೊಗ್ಗ
2 ಜನವರಿ 2025

ಖಾದರ್,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ಆ ಬಿರಡೆ ನನ್ನದು.

ಬೇರೆ ಊರಿನ ಗ್ಯಾರೇಜುಗಳಲ್ಲಿ ಬಟ್ಟೆ ತುರುಕುತ್ತಾರೆ. ನಮಗೆ ಕೈಗೆ ಸಿಕ್ಕುತ್ತಿದ್ದದ್ದು ನಾರು. ಹೊನ್ನವಳ್ಳಿಯಲ್ಲಿ ನಮ್ಮ ಹಟ್ಟಿ ಮುಂದೆ ಕೂತು ಅಪ್ಪ ತೊಡೆಯ ಮೇಲೆ ಹುರಿ ಹೊಸೆಯುತ್ತಿದ್ದುದು ಕಂಡು ನಾನು ಕಲಿತೆ, ನನ್ನದು ನೋಡಿ ನೀನು ಕಲಿತೆ. ಸಿಲಿಂಡರ್ ಉಜ್ಜುವಾಗ ಪುಡಿ ಬೀಳದಿರಲಿ ಎಂದು ಎಣ್ಣೆ ಕಿಂಡಿಗಳಿಗೆ ನಾರಿನ ಬಿರಡೆ ಹೊಸೆದು ಹೊಡೆಯುವುದು, ಉಜ್ಜಿದ ಮೇಲೆ ಎಣಿಸಿ ಕೀಳುವುದು. ಆ ಎಂಜಿನ್ನಿಗೆ ಐದು ಕಿಂಡಿ. ಕಾರು ನಿಂತ ಮಾರನೆಯ ಬೆಳಿಗ್ಗೆ ಗ್ಯಾರೇಜ್ ಗುಡಿಸುವಾಗ ಟ್ರೇ ನೋಡಿದೆ. ನಾಲ್ಕೇ ಬಿರಡೆ ಇದ್ದವು.

ಹೇಳಬೇಕಿತ್ತು. ಹೇಳೋಣ ಎಂದು ನಿನ್ನ ಮನೆ ಬಾಗಿಲಿಗೆ ಬಂದೆ. ಅಷ್ಟರಲ್ಲಿ ನಿನ್ನ ತಮ್ಮ ಮುಜಮ್ಮಿಲ್ ಟ್ರಂಕ್ ಹೊತ್ತು ಹೊರಗೆ ಬರುತ್ತಿದ್ದ. “ಈರಣ್ಣಾ, ನೀನಾದ್ರೂ ಹೇಳು. ಮೂವತ್ತು ದಾಟಿಲ್ಲ ಕಣಣ್ಣ,” ಅಂದ. ಬಾಯಿ ಬರಲಿಲ್ಲ. ಇಪ್ಪತ್ತೊಂದು ವರ್ಷದ ಹುಡುಗ. ಒಂದು ವರ್ಷ ಕಾದೆ. ಅವನ ಹೆಸರು ಎತ್ತಿದರೆ ನೀನು ಸ್ಪ್ಯಾನರ್ ಎಸೆಯುತ್ತಿದ್ದೆ. ಡಿಪೋ ಕೆಲಸ ಸಿಕ್ಕಿತು ಎಂದು ನಾನು ಗ್ಯಾರೇಜ್ ಬಿಟ್ಟದ್ದು ಸಂಬಳಕ್ಕಲ್ಲ, ನಿನ್ನ ಮುಖ ನೋಡಲಾಗದೆ.

ಇನ್ನೊಂದು ಮುಚ್ಚಿಟ್ಟಿದ್ದೇನೆ. ಮುಜಮ್ಮಿಲ್ ಭದ್ರಾವತಿಯಲ್ಲಿದ್ದಾನೆ. ಟ್ರ್ಯಾಕ್ಟರ್ ರಿಪೇರಿ ಅಂಗಡಿ, ಇಬ್ಬರು ಮಕ್ಕಳು. ಪ್ರತಿ ರಂಜಾನಿಗೆ ನಮ್ಮ ತೋಟದ ಉಂಡೆ ಕೊಬ್ಬರಿ ಒಯ್ದು ಕೊಟ್ಟು ಬರುತ್ತೇನೆ, ಹಬ್ಬದ ಪಾಯಸ ಶೀರ್ ಕುರ್ಮಾಕ್ಕೆ. ಊರಿನ ಕೊಬ್ಬರಿ ಎಂದು ಮೂಸಿ ನೋಡುತ್ತಾನೆ. ಬಿರಡೆ ವಿಷಯ ಅವನಿಗೂ ಹೇಳಿಲ್ಲ. ಕೊಬ್ಬರಿ ಕೊಡುವುದು ಸುಲಭ.

ನಿನಗೆ ಹೇಗೆ ತೋಚುತ್ತದೋ ಹಾಗೆ ಮಾಡು.

ಈರಣ್ಣ


ತಿಪಟೂರು
15 ಜನವರಿ 2025

ಈರಣ್ಣನಿಗೆ,

ಕಾಗದ ತಲುಪಿತು. ಅವನು ಬದುಕಿದ್ದಾನೆ, ಮನೆ ಮಠ ಆಗಿದೆ ಎಂದು ತಿಳಿದು ದಿಲ್ಶಾದ್ ಅತ್ತಳು. ಅವನಿಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ ತಾನೆ.

ನೀನು ಮಾಡಿದ್ದು ಸಣ್ಣ ತಪ್ಪಲ್ಲ. ಒಂದು ಬಿರಡೆ ಮರೆಯುವುದು ಬೇರೆ, ಬಾಯಿ ಮುಚ್ಚಿಕೊಂಡಿರುವುದು ಬೇರೆ. ಆದರೂ ಈ ವಯಸ್ಸಿನಲ್ಲಿ ನಿನ್ನ ಮೇಲೆ ಹಗೆ ಸಾಧಿಸಿ ಏನು ಮಾಡಲಿ. ನಾನು ಕ್ಷಮಿಸಿದ್ದೇನೆ. ಅವನ ಮುಂದೆ ಮಾತ್ರ ನೀನೇ ಹೋಗಿ ಹೇಳಬೇಕು. ನನ್ನಿಂದ ಏನಾದರೂ ತಪ್ಪಾಗಿದ್ದರೆ ಅದು ನಿನ್ನ ತಪ್ಪಿನಿಂದ ಆದದ್ದು ಎಂದು ಅವನಿಗೆ ತಿಳಿಯಲಿ.

ಕ್ರ್ಯಾಂಕ್ ಗ್ರೈಂಡಿಂಗಿಗೆ ತುಮಕೂರಿಗೆ ಕಳಿಸಿದ್ದೇನೆ. ಮಿಕ್ಕಿದ್ದೆಲ್ಲ ಕ್ಷೇಮ.

ಖಾದರ್


ಶಿವಮೊಗ್ಗ
30 ಜನವರಿ 2025

ಖಾದರ್,

ಕ್ಷಮಿಸಿದ್ದೇನೆ ಎಂಬ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಬಾರಿ ಊಟ ರುಚಿಸಿತು. ಇದೇ ಫೆಬ್ರವರಿ ಏಳು, ಶುಕ್ರವಾರ ಭದ್ರಾವತಿಗೆ ಹೋಗಿ ಮುಜಮ್ಮಿಲ್ ಮುಂದೆ ಎಲ್ಲ ಹೇಳುತ್ತೇನೆ. ಅವನು ಕೆನ್ನೆಗೆ ಹೊಡೆದರೂ ಸರಿ.

ಈರಣ್ಣ


ತಿಪಟೂರು
5 ಫೆಬ್ರವರಿ 2025
(ಸ್ಪೀಡ್ ಪೋಸ್ಟ್)

ಈರಣ್ಣ,

ಹೋಗಬೇಡ. ಈ ಕಾಗದ ಶುಕ್ರವಾರಕ್ಕೆ ಮೊದಲೇ ನಿನ್ನ ಕೈ ಸೇರಲಿ ಎಂದು ದುವಾ ಮಾಡುತ್ತಿದ್ದೇನೆ. ಸುಮೇರಾಳ ಕೈಲಿ ಫೋನ್ ಮಾಡಿಸಬಹುದಿತ್ತು, ಆದರೆ ಇದನ್ನು ಮಗಳ ಬಾಯಲ್ಲಿ ಹೇಳಿಸಲಾರೆ.

ಬಿರಡೆ ನಿನ್ನದಲ್ಲ. ನನ್ನದು.

ಇದರ ಜೊತೆ ಅದನ್ನೂ ಕಳಿಸುತ್ತಿದ್ದೇನೆ, ನೀನೇ ನೋಡು. ಎಣ್ಣೆಯಲ್ಲಿ ನೆನೆದು ಕಪ್ಪಾಗಿದೆ, ಹುರಿ ಮಾತ್ರ ಹಾಗೇ ಇದೆ. ಬಲಗೈಯವನು ಹೊಸೆದದ್ದು ಒಂದು ಕಡೆಗೆ ತಿರುಗುತ್ತದೆ, ಎಡಗೈಯವನದು ಅದರ ಉಲ್ಟಾ. ನನ್ನ ಹುರಿಯನ್ನು ನಿನ್ನ ಹುರಿಯ ಜೊತೆ ಹೆಣೆದರೆ ಬಿಚ್ಚಿಕೊಳ್ಳುತ್ತದೆ ಎಂದು ನೀನು ಎಷ್ಟು ಆಡಿಕೊಳ್ಳುತ್ತಿದ್ದೆ. ಇದು ಉಲ್ಟಾ ಹುರಿ. ಆ ಗ್ಯಾರೇಜಿನಲ್ಲಿ ಎಡಚ ಇದ್ದದ್ದು ಒಬ್ಬನೇ.

ಈಗ ನೆನಪಾಗಿದೆ. ನೀನು ಹೊಸೆದದ್ದು ನಾಲ್ಕು. ಅಷ್ಟರಲ್ಲಿ ನೀನು ಲೇತ್ ಕೆಲಸಕ್ಕೆ ಎದ್ದು ಹೋದೆ. ಐದನೆಯದನ್ನು ನಾನು ಹೊಸೆದು ಹೊಡೆದೆ. ನೀನು ಬಂದು ನಿನ್ನ ನಾಲ್ಕನ್ನೂ ಕಿತ್ತೆ. ನನ್ನದನ್ನು ನಾನು ಮರೆತೆ.

ಇನ್ನೂ ಕೆಟ್ಟದ್ದು ಇದೆ. ಇದು ನನಗೆ ನಿನ್ನೆ ಗೊತ್ತಾದದ್ದಲ್ಲ. ಡಿಸೆಂಬರ್ ಹದಿನೆಂಟಕ್ಕೆ ಬಿರಡೆ ಅಂಗೈಗೆ ಬಿದ್ದಾಗಲೇ ಹುರಿ ನೋಡಿದ್ದೆ. ಅದಕ್ಕೇ ಅಷ್ಟು ಚಿಕ್ಕ ಕಾಗದ ಬರೆದೆ, ನಮ್ಮ ಗ್ಯಾರೇಜಿನದು ಎಂದು. ಯಾರದು ಎಂದು ಬರೆಯಲು ಕೈ ಬರಲಿಲ್ಲ. ಅಷ್ಟರಲ್ಲಿ ನೀನೇ ನಿನ್ನದೆಂದು ಒಪ್ಪಿಕೊಂಡು ಬರೆದೆ. ನಾನು ಅದನ್ನು ತಗೊಂಡೆ. ಹೊಟ್ಟೆ ಹಸಿದವನ ಮುಂದೆ ತಟ್ಟೆ ಇಟ್ಟ ಹಾಗಾಯಿತು. ದೊಡ್ಡ ಮನುಷ್ಯನ ಥರ ಕ್ಷಮಿಸಿದ್ದೇನೆ ಎಂದೂ ಬರೆದೆ. ಊಟ ರುಚಿಸಿತು ಎಂದು ನೀನು ಬರೆದದ್ದನ್ನು ಓದಿದ ಮೇಲೆ ನನಗೆ ಅನ್ನ ಇಳಿಯುತ್ತಿಲ್ಲ.

ಮುಜಮ್ಮಿಲ್ ಮೂವತ್ತು ದಾಟಿರಲಿಲ್ಲ. ಅವತ್ತು ನಾಲ್ಕು ಸಲ ಹೇಳಿದ. ಆಗ ನನ್ನ ಕಿವಿ ಚೆನ್ನಾಗಿತ್ತು.

ಖಾದರ್


ಶಿವಮೊಗ್ಗ
10 ಫೆಬ್ರವರಿ 2025

ಖಾದರ್,

ನಿನ್ನ ಕಾಗದ ಬಂದದ್ದು ಶನಿವಾರ. ನಾನು ಶುಕ್ರವಾರವೇ ಹೋಗಿ ಬಂದಿದ್ದೆ.

ಮುಜಮ್ಮಿಲ್ ನನ್ನನ್ನು ಹೊಡೆಯಲಿಲ್ಲ. ಟ್ರ್ಯಾಕ್ಟರ್ ಕೆಳಗಿಂದ ಎದ್ದು ಬಂದು ಪೂರಾ ಕೇಳಿಸಿಕೊಂಡ. “ಹೋಗ್ಲಿ ಬುಡಣ್ಣಾ, ನೀನಾದ್ರೂ ಬಂದು ಹೇಳ್ದೆಯಲ್ಲ,” ಎಂದು ಚಹಾ ತರಿಸಿದ. ನನ್ನ ಕೈ ಹಿಡಿದುಕೊಂಡು ಕೂತಿದ್ದ. ಅಲ್ಲಿಂದ ಹಗುರಾಗಿ ಬಂದೆ. ಮಾರನೆಯ ದಿನ ನಿನ್ನ ಲಕೋಟೆ ಬಂತು.

ಬಿರಡೆ ನೋಡಿದೆ. ಹುರಿ ನಿನ್ನದೇ, ನನಗೆ ಅನುಮಾನವಿಲ್ಲ. ನನ್ನದಲ್ಲದ ತಪ್ಪನ್ನು ಮೂವತ್ತೆಂಟು ವರ್ಷ ಹೊತ್ತೆ. ಅದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ನಿನಗೂ ಗೊತ್ತಿರಲಿಲ್ಲ. ಬಾಯಿ ಬಿಡದೆ ಇದ್ದ ತಪ್ಪು ನನ್ನದೇ, ಅದು ನನ್ನಲ್ಲೇ ಇರುತ್ತದೆ. ಆದರೆ ಗೊತ್ತಿದ್ದೂ ಏಳು ವಾರ ಮುಚ್ಚಿಟ್ಟು ನನ್ನ ಮೇಲೆ ಹೊರಿಸಿದೆಯಲ್ಲ ಖಾದರ್, ಅದು ನೋವಾಗಿದೆ. ಸುಮ್ಮನೆ ಸಭ್ಯತೆಗೆ ಇಲ್ಲ ಎಂದು ಬರೆಯಲಾರೆ.

ಭಾನುವಾರ ಮತ್ತೆ ಭದ್ರಾವತಿಗೆ ಹೋದೆ, ಈ ಮಂಡಿ ಇಟ್ಟುಕೊಂಡು. ಬಿರಡೆ, ಕಾಗದ ಎರಡನ್ನೂ ಅವನ ಮುಂದಿಟ್ಟೆ. ಓದಿದ. ಬಿರಡೆ ಎತ್ತಿ ತಿರುಗಿಸಿ ನೋಡಿದ. ಅವನೂ ನಿನ್ನ ಕೈಕೆಳಗೆ ಕಲಿತವನು, ಹುರಿ ಗೊತ್ತಾಗದೆ ಇರುತ್ತದೆಯೇ. ಆಮೇಲೆ ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: “ಭಯ್ಯಾ ನನ್ ಮಾತ್ ನಂಬ್ಲಿಲ್ಲ. ನಾರಿನ್ ಮಾತ್ ನಂಬವ್ರೆ.”

ಚಹಾ ಕೊಡಲಿಲ್ಲ. ಬಿರಡೆಯನ್ನು ಮಾತ್ರ ಇಟ್ಟುಕೊಂಡ.

ಈರಣ್ಣ


ತಿಪಟೂರು
4 ಮಾರ್ಚ್ 2025

ಈರಣ್ಣನಿಗೆ ಸಲಾಂ.

ನಿನ್ನ ಕಾಗದಕ್ಕೆ ಜವಾಬು ಬರೆಯಲು ಮುಖವಿರಲಿಲ್ಲ. ಈಗಲೂ ಇಲ್ಲ. ಏಳು ವಾರದ ವಿಷಯ ನೀನು ಬರೆದದ್ದು ಸರಿ. ತಪ್ಪಾಯಿತು. ಇದಕ್ಕಿಂತ ದೊಡ್ಡ ಮಾತು ನನಗೆ ಗೊತ್ತಿಲ್ಲ.

ಅವನು ಹೇಳಿದ ಮಾತನ್ನು ಸುಮೇರಾಳ ಕೈಲಿ ಸ್ಲೇಟಿನ ಮೇಲೆ ಬರೆಸಿ ಗ್ಯಾರೇಜಿನ ಗೋಡೆಗೆ ಒರಗಿಸಿದ್ದೆ. ಎರಡು ದಿನ ನೋಡುತ್ತಾ ಕೆಲಸ ಮಾಡಿದೆ. ಮೂರನೆಯ ದಿನ ಅವನಿಗೆ ನಾನೇ ಬರೆದೆ, ಮೂರು ಸಾಲು. ತಪ್ಪು ನನ್ನದು. ನೀನು ಸುಳ್ಳು ಹೇಳುವವನಲ್ಲ ಎಂದು ನನಗೆ ಅವತ್ತೂ ಗೊತ್ತಿತ್ತು, ಸಿಟ್ಟಿಗೆ ಒಬ್ಬರು ಬೇಕಿತ್ತು. ಮನೆ ನಿನ್ನದು. ಇಷ್ಟೇ. ಬಾ ಎಂದು ಬರೆಯಲಿಲ್ಲ. ಆಚೆಗೆ ಹಾಕಿದವನು ಯಾವ ಬಾಯಲ್ಲಿ ಕರೆಯಲಿ.

ರೇಣುಕಪ್ರಸಾದರಿಗೂ ಹೇಳಿದೆ. ಯಜಮಾನ್ರೇ, ನಿಮ್ಮ ಕಾರು ಕೆಟ್ಟದ್ದು ನನ್ನ ಕೈಯಿಂದ ಎಂದೆ. ಅವರು ಕಾರಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಸ್ಲೇಟ್ ಈಸಿಕೊಂಡು ಬರೆದರು: “ನಾನೂ ಅವತ್ತು ಆ ಹುಡುಗನ್ನ ನಾಕ್ ಮಾತ್ ಅಂದೆ ಕಣ್ರೀ. ನಂಗಿಂತ ಮೊದ್ಲು ಅವನೇ ಓಡಿಸ್ಲಿ. ಅಲ್ಲೀವರ್ಗೂ ನಾನ್ ಹತ್ತಲ್ಲ.”

ಎಂಜಿನ್ ಕಟ್ಟಿ ಮುಗಿಯಿತು. ಐದು ಕಿಂಡಿಗೂ ಈ ಸಲ ಬಿರಡೆಯನ್ನೇ ಹೊಡೆಯಲಿಲ್ಲ, ಬಟ್ಟೆ ಹೊದಿಸಿ ಉಜ್ಜಿದೆ. ಹ್ಯಾಂಡಲ್ ತಿರುಗಿಸಿದರೆ ಎಣ್ಣೆ ಕಣ್ಣಲ್ಲಿ ಕಾಣುವ ಹಾಗೆ ಎಲ್ಲ ಕಡೆ ಹರಿಯುತ್ತದೆ. ಸ್ಪೀಡ್ ಮೀಟರಿನ ಮುಳ್ಳನ್ನೂ ಸರಿ ಮಾಡಿದ್ದೇನೆ. ಸ್ಟಾರ್ಟ್ ಮಾತ್ರ ಮಾಡಿಲ್ಲ. ಮೊನ್ನೆಯಿಂದ ರಂಜಾನಿನ ರೋಜಾ ಶುರುವಾಗಿದೆ. ದಿಲ್ಶಾದ್ ಒಂದು ಚೀಲ ಕೊಬ್ಬರಿ ಕಟ್ಟಿಟ್ಟಿದ್ದಾಳೆ, ಬಸ್ಸಿಗೆ ಹಾಕಿ ನಿನಗೆ ಕಳಿಸುತ್ತೇನೆ. ಈ ವರ್ಷ ನಿನ್ನ ಕೊಬ್ಬರಿಯ ಜೊತೆ ಅದನ್ನೂ ಅವನಿಗೆ ತಲುಪಿಸುತ್ತೀಯಾ? ನಿನಗೆ ಮನಸ್ಸಿದ್ದರೆ ಮಾತ್ರ.

ಖಾದರ್


ಶಿವಮೊಗ್ಗ
25 ಮಾರ್ಚ್ 2025

ಎಡಚನಿಗೆ,

ಕೊಬ್ಬರಿ ತಲುಪಿಸಿದೆ. ದಿಲ್ಶಾದ್ ಭಾಭಿ ಕೈಯಾರೆ ಕಟ್ಟಿದ ಗಂಟು ಎಂದೆ. ಗಂಟು ಬಿಚ್ಚಲು ಅವನ ಹೆಂಡತಿ ನಿಖತಳಿಗೂ ಬಿಡಲಿಲ್ಲ, ತಾನೇ ಬಿಚ್ಚಿದ. ಒಂದು ಹೋಳು ಬಾಯಿಗೆ ಹಾಕಿಕೊಂಡ. ರೋಜಾ ಇದೆ ಎಂಬುದನ್ನೂ ಮರೆತ. ನಿಖತ್ ಕೂಗಿದ ಮೇಲೆ ಎದ್ದು ಹೋಗಿ ಬಾಯಿ ತೊಳೆದು ಬಂದ. ಮುಖ ಒರೆಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡ.

ನಿನ್ನ ಮೂರು ಸಾಲು ಅವನ ಜೇಬಿನಲ್ಲಿದೆ. ಹಬ್ಬಕ್ಕೆ ಬರುವುದಿಲ್ಲವಂತೆ. ಹಬ್ಬದ ದಿನ ಎಲ್ಲರೂ ಎಲ್ಲರನ್ನೂ ತಬ್ಬಿಕೊಳ್ಳುತ್ತಾರೆ, ಅದರಲ್ಲಿ ನಮ್ಮದೂ ಸೇರಿಹೋಗುತ್ತದೆ ಅನ್ನುತ್ತಾನೆ. ಹಬ್ಬ ಕಳೆದು, ಏಪ್ರಿಲ್ ಹತ್ತರ ಗುರುವಾರ ಬತ್ತೀನಿ ಅಂತ ಹೇಳು ಅಂದ.

ನೀನೂ ಬಾ ಎಂದು ಕರೆದ. ನಾನು ಬರುವುದಿಲ್ಲ. ನಿನ್ನ ಮೇಲಿನ ಸಿಟ್ಟಿಗಲ್ಲ, ಅದು ಅರ್ಧ ಇಳಿದಿದೆ. ಆ ಕಾರಿನಲ್ಲಿ ಇರುವುದು ಎರಡೇ ಸೀಟು.

ಈರಣ್ಣ


ತಿಪಟೂರು
11 ಏಪ್ರಿಲ್ 2025

ಪ್ರೀತಿಯ ಈರಣ್ಣನಿಗೆ,

ನಿನ್ನೆ ಮುಜಮ್ಮಿಲ್ ಬಂದ. ಹತ್ತೂವರೆಯ ಬಸ್ಸಿಗೆ. ಗಡ್ಡ ಬೆಳ್ಳಗಾಗಿದೆ, ಥೇಟ್ ನಮ್ಮ ಅಬ್ಬಾ. ನಾನು ಬಾಗಿಲಲ್ಲಿ ನಿಂತಿದ್ದೆ. ಅವನು ಸಲಾಂ ಹೇಳಿದ್ದು ತುಟಿಯಿಂದ ತಿಳಿಯಿತು. ದಿಲ್ಶಾದ್ ಓಡಿ ಬಂದು ಅವನ ತೋಳು ಹಿಡಿದಳು. ನಾನು ಹಿಡಿಯುವ ಮೊದಲೇ ಅವನು ಗ್ಯಾರೇಜಿನೊಳಗೆ ಹೋಗಿ ಬಾನೆಟ್ ಎತ್ತಿದ.

ಅರ್ಧ ಗಂಟೆ ಎಂಜಿನ್ ಪರೀಕ್ಷೆ ಮಾಡಿದ. ಒಂದು ಪೈಪಿನ ನಟ್ ಸಡಿಲವಿದೆ ಎಂದು ತೋರಿಸಿ ತಾನೇ ಬಿಗಿ ಮಾಡಿದ. ನಿಜಕ್ಕೂ ಸಡಿಲವಿತ್ತು. ಜೇಬಿನಿಂದ ಬಿರಡೆ ತೆಗೆದು ಬ್ಯಾಟರಿಯ ಪಕ್ಕ ಇಟ್ಟ. ಆಮೇಲೆ ನನ್ನ ಮುಖ ನೋಡಿ ಕೀಲಿ ತಿರುಗಿಸಿದ. ನಾನು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿನ ಮೇಲೆ ಊರಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದೆ. ಮೂರನೆಯ ಸಲಕ್ಕೆ ಹಿಡಿಯಿತು. ನಾಲ್ಕು ಸಿಲಿಂಡರೂ ಒಂದೊಂದಾಗಿ ತಲೆಬುರುಡೆಯೊಳಗೆ ಬಂದವು. ಈರ, ನನಗೆ ಕೇಳಿತು. ಕಣ್ಣೀರು ಬಂತು, ನಾಚಿಕೆಯೇನೂ ಆಗಲಿಲ್ಲ.

ಅವನು ಸ್ಟೇರಿಂಗ್ ಹಿಡಿದ, ನಾನು ಪಕ್ಕ ಕೂತೆ. ಕಿಬ್ಬನಹಳ್ಳಿ ತನಕ ಹೋದೆವು. ಅವತ್ತು ಕಾರು ನಿಂತ ಜಾಗದಲ್ಲಿ ಈಗ ಎಳನೀರಿನ ಅಂಗಡಿ ಇದೆ. ಅವನು ನಿಲ್ಲಿಸಲಿಲ್ಲ. ಮುಂದೆ ಹೋಗಿ ತಿರುಗಿಸಿಕೊಂಡು ಬಂದ. ಬಸ್ಸು, ಲಾರಿ, ಕೊನೆಗೆ ಒಂದು ಲಗೇಜ್ ಆಟೋ ಕೂಡ ನಮ್ಮನ್ನು ಹಿಂದೆ ಹಾಕಿ ಹೋಯಿತು.

ಗ್ಯಾರೇಜ್ ಮುಂದೆ ರೇಣುಕಪ್ರಸಾದರು ಪೇಟ ಸುತ್ತಿಕೊಂಡು ಅರಳಗುಪ್ಪೆಗೆ ತಯಾರಾಗಿ ನಿಂತಿದ್ದರು. ಮುಜಮ್ಮಿಲ್ ಎಂಜಿನ್ ಆರಿಸಿದ, ಇಳಿಯಲಿಲ್ಲ. ಸುಮೇರಾಳ ಕೈಯಿಂದ ಸ್ಲೇಟ್ ಈಸಿಕೊಂಡು ಎರಡು ಪದ ಬರೆದು ನನ್ನ ತೊಡೆಯ ಮೇಲಿಟ್ಟ: “ಎಷ್ಟಿತ್ತು, ಭಯ್ಯಾ?”

ನಾನು ಬಳಪ ತಗೊಂಡು ಕೆಳಗೆ ಬರೆದೆ: “ಮೂವತ್ತು ದಾಟಿಲ್ಲ.”

ಅದನ್ನು ಓದಿದ ಮೇಲೆ ನನ್ನ ಎಡಗೈ ಹಿಡಿದುಕೊಂಡ. ರೇಣುಕಪ್ರಸಾದರು ಎಷ್ಟು ಹೊತ್ತು ನಿಂತು ಕಾದರೋ ಗೊತ್ತಿಲ್ಲ.

ನಿನಗೊಬ್ಬನಿಗೆ ಹೇಳುತ್ತೇನೆ, ಅವನಿಗೆ ಹೇಳಬೇಡ. ಹೋಗುವಾಗಲೂ ಬರುವಾಗಲೂ ನಾನು ಮೀಟರಿನ ಕಡೆ ನೋಡಲಿಲ್ಲ.

ನಿನ್ನ
ಖಾದರ್